ಘಾಟು ಬಾರದ ಮೆಣಸಿನಕಾಯಿ

ಮಗಳ ಉಸಿರು ಎಣಿಸಿ ಬರೆದ ನೋಟುಬುಕ್ಕು ಇನ್ನೂ ನನ್ನ ಹತ್ತಿರ ಇದೆ. ನೀಲಿ ರಟ್ಟಿನ, ನೂರು ಹಾಳೆಯ ಪುಸ್ತಕ. ಮೊದಲ ಹಾಳೆಗಳಲ್ಲಿ ಅವಳು ಹುಟ್ಟಿದಾಗಿನ ತೂಕ, ಚುಚ್ಚುಮದ್ದು ಹಾಕಿಸಿದ ತಾರೀಖು, ಮೊದಲ ಹಲ್ಲು ಕಂಡ ದಿನ ಇವೆ. ನವೆಂಬರಿನಿಂದ ಮುಂದಕ್ಕೆ ಮದುವೆಗಳು ಶುರುವಾಗುತ್ತವೆ.

ಎಣಿಸುವುದು ನನ್ನ ಕೆಲಸ. ರಾಣೇಬೆನ್ನೂರಿನ ಒಂದು ಬೀಜದ ಕಂಪನಿಯ ಪ್ರಯೋಗಶಾಲೆಯಲ್ಲಿ ಇದ್ದೇನೆ. ಒದ್ದೆ ಕಾಗದದ ಮೇಲೆ ನೂರು ಬೀಜ ಸಾಲಾಗಿ ಇಟ್ಟು, ಸುರುಳಿ ಸುತ್ತಿ, ಗೊತ್ತಾದ ದಿನ ಬಿಚ್ಚಿ ಎಷ್ಟು ಮೊಳೆತವು ಎಂದು ಎಣಿಸಿ ಬರೆಯಬೇಕು. ಮನೆ ಹಾವೇರಿಯಲ್ಲಿ. ದಿನಾ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ಮನೆಯಲ್ಲಿ ನಾವು ನಾಲ್ವರು: ಅವ್ವ, ನಾನು, ಹೆಂಡತಿ, ಕೂಸು. ಎಣಿಕೆಯ ಚಟ ಮನೆಯೊಳಗೂ ಬಂದಾಗ ಹೆಂಡತಿ ಮೊದಮೊದಲು ನಗುತ್ತಿದ್ದಳು. ಆ ಚಳಿಗಾಲ ಮುಗಿಯುವ ಹೊತ್ತಿಗೆ ಆ ಪುಸ್ತಕ ಕಂಡರೆ ಅವಳಿಗೆ ಸಿಟ್ಟು ಬರುತ್ತಿತ್ತು.

ನಮ್ಮ ಗೆಳೆಯ ಗೆಳತಿಯರಲ್ಲಿ ಮೊದಲು ಮದುವೆಯಾದವರು ನಾವು. ಉಳಿದವರೆಲ್ಲ ಮಾತಾಡಿಕೊಂಡವರ ಹಾಗೆ ಒಂದೇ ವರ್ಷ ಮುಹೂರ್ತ ಹಿಡಿದರು. ಐದು ತಿಂಗಳಲ್ಲಿ ಐದು ಮದುವೆ. ಎಲ್ಲ ಆಮಂತ್ರಣ ಪತ್ರಿಕೆಗಳನ್ನೂ ದಾರಕ್ಕೆ ಪೋಣಿಸಿ ಕ್ಯಾಲೆಂಡರಿನ ಮೊಳೆಗೆ ತೂಗುಹಾಕಿದ್ದೆ. ಕೂಸಿಗೆ ಆಗ ಏಳು ತಿಂಗಳು. ಅವಳನ್ನು ಎತ್ತಿಕೊಂಡು ಊರೂರು ತಿರುಗುವುದು ನಮಗಿಬ್ಬರಿಗೂ ಹೊಸದು, ಹುರುಪಿನದು.

ಮೊದಲನೆಯದು ರಾಣೇಬೆನ್ನೂರಿನಲ್ಲಿ, ನನ್ನ ಜೊತೆ ಡಿಗ್ರಿ ಓದಿದವನದು. ಚೀಲದಲ್ಲಿ ಏನೇನು ತುಂಬಿದೆವು ಎಂದು ಬರೆದಿದ್ದೇನೆ: ಹದಿನಾಲ್ಕು ಸಾಮಾನು. ಮಂಟಪದಲ್ಲಿ ಇದ್ದದ್ದು ನಾಲ್ಕೂವರೆ ತಾಸು. ಕೂಸನ್ನು ಎಷ್ಟು ಮಂದಿ ಎತ್ತಿಕೊಂಡರು ಎಂಬುದಕ್ಕೂ ಒಂದು ಕಾಲಂ ಹಾಕಿದ್ದೆ: ಹತ್ತೊಂಬತ್ತು. ಗೆಳೆಯರು ಅಕ್ಕಿಕಾಳು ಬಿದ್ದ ಕೂಡಲೇ ಅವಳನ್ನು ಮದುಮಗನ ತೊಡೆಯ ಮೇಲೆ ಕೂರಿಸಿ ಫೋಟೋ ತೆಗೆದರು. ಅವಳು ಬಾಸಿಂಗದ ಮಣಿ ಹಿಡಿದು ಜಗ್ಗಿದಳು. ಎಲ್ಲರೂ ನಕ್ಕರು. ಗೋದಿ ಹುಗ್ಗಿ ಉಂಡು, ಇಳಿಹೊತ್ತಿನ ಬಸ್ಸು ಹಿಡಿದು ಮನೆಗೆ ಬಂದೆವು.

ಬಾಗಿಲಲ್ಲೇ ಅವ್ವ ತಡೆದಳು. ಲಗ್ನದಿಂದ ಬಂದ ಕೂಸನ್ನು ಹಾಗೇ ಒಳಮನೆಗೆ ಕರೆದುಕೊಳ್ಳುವ ಪದ್ಧತಿ ನಮ್ಮಲ್ಲಿಲ್ಲ. ಮೊದಲು ನೆದರು, ಅಂದರೆ ಮಂದಿಯ ದೃಷ್ಟಿ, ತೆಗೆಯಬೇಕು. ಹೆಂಡತಿ ಬಾಗಿಲು ಹಾಕಿದ ಪಡಸಾಲೆಯಲ್ಲಿ ಮೂಡಲಕ್ಕೆ ಮುಖ ಮಾಡಿ ಕೂಸನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಅವ್ವ ಉಪ್ಪು, ಸಾಸಿವೆ, ಒಣಮೆಣಸಿನಕಾಯಿ ಮುಷ್ಟಿಯಲ್ಲಿ ಹಿಡಿದು ಮೂರು ಸಲ ಇಳಿಸಿ, ಹಿತ್ತಿಲ ನೀರೊಲೆಯಿಂದ ಹಳೆಯ ಕಬ್ಬಿಣದ ಹಂಚಿನಲ್ಲಿ ತಂದಿಟ್ಟಿದ್ದ ಕೆಂಡದ ಮೇಲೆ ಹಾಕಿದಳು. ಆ ಹಂಚನ್ನು ಕೂಸಿನ ಸುತ್ತ ನಿಧಾನ ತಿರುಗಿಸಿದಳು. ಹೊಗೆ ಮೈಗೆ ಸೋಕಬೇಕು ಎಂಬುದು ಅವಳ ಅವ್ವನಿಂದ ಅವಳಿಗೆ ಬಂದ ರೀತಿ. ಮೆಣಸಿನಕಾಯಿ ಸುಟ್ಟ ಘಾಟು ಮೂಗಿಗೆ ಹೊಡೆದು ಸೀನು ಬಂದರೆ ನೆದರಿಲ್ಲ. ಘಾಟು ಬರಲಿಲ್ಲವೆಂದರೆ ನೆದರು ಜೋರಾಗಿದೆ, ಮೆಣಸಿನಕಾಯಿಯ ಘಾಟನ್ನೆಲ್ಲ ಅದೇ ನುಂಗಿದೆ ಎಂದು ಲೆಕ್ಕ.

ಅವತ್ತು ಯಾರಿಗೂ ಒಂದು ಸೀನು ಬರಲಿಲ್ಲ. “ನೋಡು,” ಎಂದಳು ಅವ್ವ, “ಎಷ್ಟ ಮಂದಿ ಕಣ್ಣ ಬಿದ್ದಿತ್ತು ಕೂಸಿನ ಮ್ಯಾಲ.”

ಇದನ್ನೆಲ್ಲ ನಾನು ಪುಸ್ತಕದಲ್ಲಿ ಬರೆಯಲಿಲ್ಲ. ಊಟ, ಸ್ನಾನ, ದೀಪ ಹಚ್ಚುವುದನ್ನು ಯಾರು ಬರೆಯುತ್ತಾರೆ? ನೆದರು ತೆಗೆಯುವುದೂ ಹಾಗೆಯೇ. ನಾನು ಬರೆದದ್ದು ಇಷ್ಟೇ: ಕತ್ತಲಾಗುವ ಹೊತ್ತಿಗೆ ಕೆಮ್ಮು. ಎದೆಯಲ್ಲಿ ಗೊರಗೊರ.

ಮೂರು ದಿನಕ್ಕೆ ಗುಣವಾಯಿತು. ಡಿಸೆಂಬರಿನಲ್ಲಿ ಹಾವೇರಿಯಲ್ಲೇ ಎರಡನೆಯ ಮದುವೆ. ಮನೆಯಿಂದ ಆಟೋದಲ್ಲಿ ಹತ್ತು ನಿಮಿಷ. ಎತ್ತಿಕೊಂಡವರು ಇಪ್ಪತ್ತಾರು ಮಂದಿ. ಸಂಜೆ ಮತ್ತೆ ಕೆಮ್ಮು, ಈ ಸಲ ಆರು ದಿನ. ಡಾಕ್ಟರು ಎದೆಗೆ ಕೊಳವೆ ಇಟ್ಟು ನೋಡಿ ಉಬ್ಬಸದ ಸ್ವಭಾವ ಇರಬಹುದು ಎಂದರು. ಉಸಿರು ಎಣಿಸುವುದನ್ನು ಕಲಿಸಿದವರು ಅವರೇ. ಅಂಗಿ ಎತ್ತಿ ಹೊಟ್ಟೆ ನೋಡುತ್ತ ಪೂರ್ತಿ ಒಂದು ನಿಮಿಷ ಎಣಿಸಬೇಕು. ನಲವತ್ತರೊಳಗೆ ಇದ್ದರೆ ಚಿಂತೆಯಿಲ್ಲ. ಐವತ್ತು ದಾಟಿದರೆ ಕೂತು ವಿಚಾರ ಮಾಡದೆ ಎತ್ತಿಕೊಂಡು ಬನ್ನಿ ಎಂದರು.

ಮೂರನೆಯದು ಗಳಗನಾಥದಲ್ಲಿ, ನದಿಗಳು ಕೂಡುವಲ್ಲಿ ಇರುವ ಹಳೆಯ ಗುಡಿಯಲ್ಲಿ, ಐವತ್ತು ಮಂದಿಯ ಸಣ್ಣ ಮದುವೆ. ಅದು ಜನವರಿ. ಆ ವಾರ ಅವ್ವ ಹೊಸರಿತ್ತಿಗೆ ತನ್ನ ತಂಗಿಯ ಮನೆಗೆ ಹೋಗಿದ್ದಳು. ನಾವು ಮೂವರೇ ಹೋಗಿ, ಹೊಳೆಯ ದಂಡೆಯ ಮೇಲೆ ಕೂತು ರೊಟ್ಟಿ ಬುತ್ತಿ ಬಿಚ್ಚಿ, ಸಂಜೆ ಬಂದು ಬೀಗ ತೆಗೆದು ಮಲಗಿದೆವು. ಕೆಮ್ಮಿಲ್ಲ. ಮರುದಿನವೂ ಇಲ್ಲ. ಪುಸ್ತಕದಲ್ಲಿ ಕಾರಣವನ್ನೂ ಬರೆದೆ: ಬಯಲು ಗಾಳಿ, ಕಡಿಮೆ ಜನ, ಮುಚ್ಚಿದ ಮಂಟಪ ಅಲ್ಲ. ಬರೆದ ಮೇಲೆ ನನಗೆ ಎಲ್ಲ ತಿಳಿದಂತಾಯಿತು.

ಫೆಬ್ರುವರಿಯಲ್ಲಿ ಮತ್ತೆ ರಾಣೇಬೆನ್ನೂರು. ದೊಡ್ಡ ಮಂಟಪ, ಎರಡು ಸಾವಿರ ಮಂದಿ, ಬ್ಯಾಂಡು. ಎತ್ತಿಕೊಂಡವರನ್ನು ಮೂವತ್ತೊಂದಕ್ಕೆ ಎಣಿಸುವುದು ಬಿಟ್ಟೆ. ಅಂದು ಮನೆಗೆ ಬಂದ ಒಂದು ತಾಸಿಗೆ ಉಸಿರು ಐವತ್ತೆಂಟಕ್ಕೆ ಹೋಯಿತು. ಪಕ್ಕೆಲುಬುಗಳ ನಡುವಿನ ಚರ್ಮ ಒಳಕ್ಕೆ ಎಳೆಯುತ್ತಿತ್ತು. ಎರಡು ದಿನ ಆಸ್ಪತ್ರೆಯಲ್ಲಿ ಇರಿಸಿಕೊಂಡರು. ಮುಖಕ್ಕೆ ಮಾಸ್ಕ್ ಹಿಡಿದು ಔಷಧದ ಹಬೆ ಕೊಡುವಾಗ ಅವಳು ನನ್ನ ಬೆರಳನ್ನು ಹಿಡಿದು ದೂಡುತ್ತಿದ್ದಳು. ಆ ಪುಟ್ಟ ಕೈಯಲ್ಲಿ ಅಷ್ಟು ಬಲ ಎಲ್ಲಿಂದ ಬಂದಿತ್ತೋ, ದೂಡುತ್ತಲೇ ಇದ್ದಳು.

ಮನೆಯಲ್ಲಿ ಹೊಗೆ ಇದೆಯೇ, ಯಾರಾದರೂ ಬೀಡಿ ಸೇದುತ್ತಾರೆಯೇ, ಕಟ್ಟಿಗೆ ಒಲೆ ಇದೆಯೇ ಎಂದು ಡಾಕ್ಟರು ಕೇಳಿದರು. ನಾನು ಇಲ್ಲವೆಂದೆ. ಅವ್ವ ಪಕ್ಕದಲ್ಲೇ ನಿಂತಿದ್ದಳು. “ಗ್ಯಾಸಿನ ಮ್ಯಾಲ ಅಡಗಿರಿ ನಮ್ಮನ್ಯಾಗ. ನೀರೊಲಿ ಹಿತ್ತಲದಾಗ ಐತಿ, ಅದರ ಹೊಗಿ ಒಳಗ ಬರೂದಿಲ್ಲ,” ಎಂದಳು. ನಾವಿಬ್ಬರೂ ಖರೇನೇ ಹೇಳಿದೆವು ಎಂದುಕೊಂಡಿದ್ದೆವು. ಹಾಗಾದರೆ ಧೂಳು, ಜನಜಂಗುಳಿ ತಪ್ಪಿಸಿ ಎಂದರು ಡಾಕ್ಟರು.

ಆ ದಿನದ ಹಾಳೆಯಲ್ಲಿ ಕೆಂಪು ಪೆನ್ನಿನಿಂದ ಬರೆದಿದ್ದೇನೆ: ಇನ್ನು ಮದುವೆ ಇಲ್ಲ.

ಆದರೆ ದಾರದಲ್ಲಿ ಇನ್ನೂ ಒಂದು ಪತ್ರಿಕೆ ಉಳಿದಿತ್ತು. ಮಾರ್ಚಿನಲ್ಲಿ, ಬ್ಯಾಡಗಿಯಲ್ಲಿ, ಹೆಂಡತಿಯ ಜೀವದ ಗೆಳತಿಯ ಲಗ್ನ. ರಾಣೇಬೆನ್ನೂರಿನ ಹಾಸ್ಟೆಲಿನಲ್ಲಿ ಇಬ್ಬರೂ ಐದು ವರ್ಷ ಒಂದೇ ಕೋಣೆಯಲ್ಲಿದ್ದವರು. ಗೆಳತಿಯ ತಂದೆಗೆ ಬ್ಯಾಡಗಿಯಲ್ಲಿ ಮೆಣಸಿನಕಾಯಿ ದಲಾಲಿ ಅಂಗಡಿ. ನಮ್ಮ ಮದುವೆಯಾದಾಗಿನಿಂದ ವರ್ಷದ ಅಡುಗೆಗೆ ಬೇಕಾದ ಮೆಣಸಿನಕಾಯಿ ಅವರ ಮನೆಯಿಂದಲೇ ಬರುತ್ತಿತ್ತು, ಸುಕ್ಕು ಸುಕ್ಕಾದ ಕಡುಗೆಂಪು ಕಾಯಿ, ತೊಟ್ಟು ಬಿಡಿಸಿ, ಚೀಲ ಹೊಲಿದು. ಅದಕ್ಕೂ ಮೊದಲು ಅವ್ವ ಸಂತೆಯಲ್ಲಿ ಖಾರದ ಕಾಯಿ ಕೊಳ್ಳುತ್ತಿದ್ದಳು.

ಆ ಗೆಳತಿಗೆ ಅಕ್ಕತಂಗಿಯರಿಲ್ಲ. ನಮ್ಮ ಕಡೆ ಮದುವೆಯಲ್ಲಿ ಸುರಗಿ ಸುತ್ತುತ್ತಾರೆ. ನಾಲ್ಕು ಮೂಲೆಗೆ ತಂಬಿಗೆ ಇಟ್ಟು, ಸುತ್ತಲೂ ನೂಲು ಎಳೆದು, ನಡುವೆ ಕೂರಿಸಿ, ಐದು ಮಂದಿ ಮುತ್ತೈದೆಯರು ಎಣ್ಣೆ ಅರಿಶಿಣ ಹಚ್ಚಿ ನೀರೆರೆಯುತ್ತಾರೆ. ಆ ಐವರಲ್ಲಿ ನೀನೊಬ್ಬಳು ಎಂದು ಹಾಸ್ಟೆಲಿನಲ್ಲೇ ಮಾತಾಗಿತ್ತಂತೆ. ಹೆಂಡತಿ ಬರುವುದು ಅನುಮಾನ ಎಂದು ತಿಳಿದಾಗ ಆಕೆ ಫೋನು ಮಾಡಿದಳು. ನಾನು ಪಕ್ಕದಲ್ಲಿದ್ದೆ, ಮಾತು ಕೇಳಿಸಿತು. “ಕೂಸಿನಕಿಂತ ಹೆಚ್ಚಿಂದು ಏನಿಲ್ಲ ಬಿಡ ಲೇ. ಆದ್ರ ನಾ ನಾಕ ಮಂದೀನ ನಿಲ್ಲಸ್ತೇನಿ. ಐದನೇದು ನಿಂದ ಜಾಗಾ. ಖಾಲಿ ಇದ್ರೂ ನಿಂದ.”

ಹೆಂಡತಿ ಫೋನು ಇಟ್ಟು ಅಡುಗೆಮನೆಗೆ ಹೋದಳು. ನಾನು ಪುಸ್ತಕ ತೆಗೆದುಕೊಂಡು ಅವಳ ಹಿಂದೆ ಹೋದೆ. ಅದು ತಪ್ಪು ಎಂದು ಈಗ ಗೊತ್ತಾಗುತ್ತದೆ. ನಾಲ್ಕು ಮದುವೆ, ಮೂರು ಸಲ ಕೆಮ್ಮು, ಸಲಸಲಕ್ಕೂ ಹೆಚ್ಚು ಎಂದು ಬೆರಳಿಟ್ಟು ತೋರಿಸಿದೆ. ಅದರಲ್ಲೂ ಬ್ಯಾಡಗಿ, ಅದರಲ್ಲೂ ಮಾರ್ಚು. ಊರೆಲ್ಲ ಮೆಣಸಿನಕಾಯಿ ಚೀಲ, ಗಾಳಿಯಲ್ಲೆಲ್ಲ ಅದರ ಧೂಳು. ಆರೋಗ್ಯವಂತರೇ ಸೀನುವ ಊರಿಗೆ ಉಬ್ಬಸದ ಕೂಸನ್ನು ಒಯ್ಯುವುದೇ?

ಅವಳು ಕೈ ಒರೆಸಿಕೊಂಡು ಪುಸ್ತಕ ತೆಗೆದುಕೊಂಡಳು. ಹಾಳೆ ತಿರುವಿ ತಿರುವಿ ಓದಿದಳು. ನಾನು ಬರೆದದ್ದನ್ನು ಅವಳು ಹಾಗೆ ಕೂತು ಓದಿದ್ದು ಅದೇ ಮೊದಲು.

“ಲಗ್ನದಾಗ ಕೂಸು ಒಂದರ ಸಲ ಕೆಮ್ಮೇತೇನ್ರಿ? ಇದರಾಗ ತೋರಸ್ರಿ.”

ತೋರಿಸಲು ಇರಲಿಲ್ಲ. ಎಲ್ಲ ಕೆಮ್ಮೂ ಸಂಜೆಯದು, ಮನೆಯದು. ಮಳೆಯಲ್ಲಿ ನೆನೆದವನಿಗೆ ನೆಗಡಿ ಮರುದಿನ ಬರುತ್ತದೆ, ಇದೂ ಹಾಗೆ ಎಂದೆ.

“ಇರಬಹುದು. ಆದ್ರ ಮನಿಗೆ ಬಂದ ಕೂಡ್ಲೇ ನೀವು ಪುಸ್ತಕ ಮುಚ್ಚಿಡ್ತೀರಿ. ಹೋಗೂ ಬಸ್ಸು, ಬರೂ ಬಸ್ಸು, ಎತ್ತಿಕೊಂಡಾವ್ರು, ಎಲ್ಲಾ ಬರದೀರಿ. ಮುಂದಿಂದು ಯಾರ ಬರೀಬೇಕು?”

ಅವಳಿಗೂ ಆಗ ಏನೂ ಗೊತ್ತಿರಲಿಲ್ಲ. ಸಿಟ್ಟಿಗೆ ಆಡಿದ ಮಾತು. ಆದರೆ ಪ್ರಯೋಗಶಾಲೆಯಲ್ಲಿ ಮೊಳಕೆ ಬರದ ಬೀಜ ಕಂಡಾಗ ನಾವು ಮೊದಲು ನೋಡುವುದು ಬೀಜವನ್ನಲ್ಲ, ಕಾಗದವನ್ನು, ನೀರನ್ನು. ಎಷ್ಟೋ ಸಲ ಒಳ್ಳೆಯ ಬೀಜ ಕೆಟ್ಟ ಕಾಗದದಿಂದ ಸತ್ತಿರುತ್ತದೆ. ಅದನ್ನು ದಿನಾ ಮಾಡುವ ನಾನು ಮನೆಯಲ್ಲಿ ಮಾಡಿರಲಿಲ್ಲ. ಎರಡು ದಿನ ಆ ಮಾತು ನನ್ನನ್ನು ಬಿಡಲಿಲ್ಲ. ಮೂರನೆಯ ದಿನ ಹೋಗೋಣ ಎಂದೆ, ಕರಾರು ಹಾಕಿ. ಬೆಳಿಗ್ಗೆ ಹೋಗಿ ಹಗಲಿರುವಾಗಲೇ ಬರಬೇಕು. ಅರ್ಧ ತಾಸಿಗೊಮ್ಮೆ ಉಸಿರು ಎಣಿಸಬೇಕು. ನಲವತ್ತೈದು ಕಂಡರೆ ಸುರಗಿ ನಡುವೆ ಇದ್ದರೂ ಎದ್ದು ಬರಬೇಕು. ಮನೆಗೆ ಬಂದ ಮೇಲೂ, ಕೂಸು ಮಲಗುವ ತನಕ, ಬರೆಯುವುದು ನಿಲ್ಲಿಸಬಾರದು. ಕೊನೆಯದು ನನಗೆ ನಾನೇ ಹಾಕಿಕೊಂಡದ್ದು.

ಅವ್ವನಿಗೆ ಮನಸ್ಸಿರಲಿಲ್ಲ. ಆಸ್ಪತ್ರೆಯಿಂದ ಬಂದು ತಿಂಗಳಾಗಿಲ್ಲ, ಮತ್ತೆ ಮಂದಿಯ ಕಣ್ಣಿಗೆ ಕೂಸನ್ನು ಒಡ್ಡುತ್ತೀರಿ ಎಂದಳು. ಕೂಸಿನ ಗಲ್ಲಕ್ಕೆ, ಅಂಗಾಲಿಗೆ ದೊಡ್ಡ ದೊಡ್ಡ ಕಾಡಿಗೆ ಬೊಟ್ಟು ಇಟ್ಟು ಕಳಿಸಿದಳು.

ಬ್ಯಾಡಗಿಗೆ ಹೋದದ್ದು ಪೇಟೆಯ ದಿನ. ಬಸ್ಸು ಮೋಟೆಬೆನ್ನೂರಿನ ಹತ್ತಿರ ಹೆದ್ದಾರಿ ಬಿಟ್ಟು ಒಳಗೆ ತಿರುಗಿದಾಗಲೇ ಗಾಳಿ ಬೇರೆಯಾಯಿತು. ನಾನು ಏಳು ಸಲ ಸೀನಿದೆ. ಹೆಂಡತಿ ಒದ್ದೆ ಮಾಡಿದ ಮೆತ್ತನೆಯ ಬಟ್ಟೆಯನ್ನು ಕೂಸಿನ ಮುಖಕ್ಕೆ ಅಡ್ಡ ಹಿಡಿದಿದ್ದಳು, ಕೂಸು ಅದನ್ನು ಕಿತ್ತು ಕಿತ್ತು ಎಸೆಯಿತು. ಚೀಲ ಹೇರಿದ ಲಾರಿಗಳ ಸಾಲು ಮುಂದೆ ಬಿಡಲಿಲ್ಲ, ಇಪ್ಪತ್ತು ನಿಮಿಷ ಬಸ್ಸು ಅಲ್ಲೇ ನಿಂತಿತು. ಅಂಗಿ ಎತ್ತಿ ಎಣಿಸಿದೆ: ಮೂವತ್ತಾರು. ಇಳಿಯುವಾಗ ಮೂವತ್ತನಾಲ್ಕು.

ಸುರಗಿ ಹೊತ್ತಿಗೆ ಸರಿಯಾಗಿ ಮುಟ್ಟಿದೆವು. ನಾಲ್ವರು ಮುತ್ತೈದೆಯರು ನಿಂತಿದ್ದರು. ಐದನೆಯವಳು ನೀರೆರೆಯುವ ತಂಬಿಗೆ ನೆಲದ ಮೇಲೆ ಇತ್ತು, ಅದರ ಹಿಂದೆ ಯಾರೂ ಇರಲಿಲ್ಲ. ಹೆಂಡತಿ ಚಪ್ಪಲಿ ಬಿಟ್ಟದ್ದೇ ಕೂಸನ್ನು ನನ್ನ ಕೈಗೆ ಕೊಟ್ಟು ಹೋಗಿ ಆ ಜಾಗದಲ್ಲಿ ನಿಂತಳು. ಅರಿಶಿಣದಲ್ಲಿ ಕೂತ ಗೆಳತಿ ತಲೆ ಎತ್ತಿ ನೋಡಿದಳು. ಇವಳ ಕೈ ಅವಳ ಗಲ್ಲ ಮುಟ್ಟಿದಾಗ ಇಬ್ಬರೂ ಅಳುತ್ತಿದ್ದರು. ನಾನು ಕಂಬಕ್ಕೆ ಒರಗಿ ಗಡಿಯಾರ ನೋಡುತ್ತಿದ್ದೆ. ಮೂವತ್ತಾರು.

ಮದುಮಗಳ ಸೋದರಮಾವ, ದಪ್ಪ ಮೀಸೆಯ ವ್ಯಾಪಾರಿ, ನನ್ನನ್ನು ಬಹಳ ಹೊತ್ತು ನೋಡಿ ಹತ್ತಿರ ಬಂದರು. “ಏನ್ರಿ ಅಳಿಯಂದಿರ, ಪುಸ್ತಕಾ ಪೆನ್ನಾ ಹಿಡಕೊಂಡ ನಿಂತೀರಿ. ಕೂಸಿಗೆ ಟಿಕೀಟ ಹರ್ಯಾಕತ್ತೀರೇನು?” ಸುತ್ತಲಿನವರು ನಕ್ಕರು. ನಾನು ಸಂಗತಿ ಹೇಳಿದೆ. ಮೆಣಸಿನಕಾಯಿಯ ಊರು, ಹೆದರಿಕೆ ಎಂದೆ. ಅವರಿಗೆ ಅದು ಅವಮಾನದಂತೆ ಕಂಡಿತು.

“ಪ್ಯಾಟ್ಯಾಗ ಸೀನ ಬರೂದು ಹೊರಗಿಂದ ಬಂದ ಖಾರದ ಕಾಯಿಗೆ. ನಮ್ಮ ಕಾಯಿ ಬಣ್ಣಕ್ಕ ಹೆಸರಾದದ್ದರಿ, ಖಾರಕ್ಕಲ್ಲ. ಕೆಂಡದಾಗ ಹಾಕಿ ಸುಟ್ರೂ ಘಾಟ ಬರೂದಿಲ್ಲ. ಮನ್ಯಾಗ ಮಾಡಿ ನೋಡ್ರಿ ಬೇಕಾದ್ರ.”

ಒಳ್ಳೆಯ ಮಾಹಿತಿ ಎಂದು ಅದನ್ನೂ ಬರೆದುಕೊಂಡೆ. ತಾರೀಖು, ಊರು, ಹೇಳಿದವರು, ಎಲ್ಲ. ಬರೆಯುವಾಗ ನನಗೆ ಏನೂ ಹೊಳೆಯಲಿಲ್ಲ.

ಅವತ್ತಿನ ಹಾಳೆಯಲ್ಲಿ ಮಂಟಪದ ಎಣಿಕೆ ಎಂಟು ಸಲ ಇದೆ. ಎಲ್ಲಕ್ಕಿಂತ ಹೆಚ್ಚಿನದು ಮೂವತ್ತೆಂಟು, ಅದೂ ಅತ್ತಾಗ. ಎತ್ತಿಕೊಂಡವರು ಇಪ್ಪತ್ತೆರಡು ಮಂದಿ. ಮಧ್ಯಾಹ್ನದ ಮೇಲೆ ಪ್ಯಾಸೆಂಜರ್ ರೈಲು ಹಿಡಿದೆವು. ಕಿಟಕಿಯ ಹತ್ತಿರ ಕೂಸು ಹೆಂಡತಿಯ ಭುಜದ ಮೇಲೆ ನಿದ್ದೆ ಹೋಯಿತು. ಹೆಂಡತಿಯ ಬೆರಳುಗಳಲ್ಲಿ ಅರಿಶಿಣ ಹಾಗೇ ಇತ್ತು. ಇನ್ನು ಸಂಜೆ ಬರುತ್ತದೆ ಎಂದು ಇಬ್ಬರಿಗೂ ಗೊತ್ತಿತ್ತು. ಹಾವೇರಿಯಲ್ಲಿ ಇಳಿದು ಎಣಿಸಿದೆ: ಮೂವತ್ತನಾಲ್ಕು. ಮನೆಯ ಮೆಟ್ಟಿಲ ಮೇಲೆ ನಿಂತು ಎಣಿಸಿದೆ: ಮೂವತ್ತಾರು. ಸಮಯ ಐದೂ ಐವತ್ತು.

ಅವ್ವ ಕೆಂಡ ಸಿದ್ಧ ಮಾಡಿಟ್ಟಿದ್ದಳು. ಹೆಂಡತಿ ಎಂದಿನಂತೆ ಮೂಡಲಕ್ಕೆ ಮುಖ ಮಾಡಿ ಕೂತಳು. ನಾನು ಎದುರಿಗೆ ಕೂತು ಪುಸ್ತಕ ಬಿಚ್ಚಿದೆ. ಅವ್ವನಿಗೆ ಅದು ಸರಿ ಕಾಣಲಿಲ್ಲ. ನೆದರು ತೆಗೆಯುವಾಗ ಬರೆಯುವುದೇನು ಎಂದಳು. ಕರಾರು ಎಂದೆ. ಅವಳ ಎಡಗೈಯ ಮುಷ್ಟಿ ತುಂಬಿ ತುಳುಕುವಷ್ಟು ಕಾಯಿ ಇದ್ದವು. ಊರ ನೆದರು, ಕೇರಿ ನೆದರು, ಹೋದವರ ನೆದರು, ಬಂದವರ ನೆದರು ಎಂದು ಇಳಿಸಿ ಕೆಂಡದ ಮೇಲೆ ಹಾಕಿದಳು. ಕಾಯಿ ಕಪ್ಪಾದವು. ದಟ್ಟ ಹೊಗೆ ಎದ್ದಿತು. ಹಂಚು ಕೂಸಿನ ಎಡಕ್ಕೆ ಬಂತು, ಬೆನ್ನ ಹಿಂದೆ ಹೋಯಿತು, ಬಲಕ್ಕೆ ಬಂತು.

ನಾನು ಹೊಟ್ಟೆಯನ್ನೇ ನೋಡುತ್ತಿದ್ದೆ. ನಲವತ್ತೆರಡು.

“ಘಾಟ ಬರವಲ್ದು,” ಎಂದಳು ಅವ್ವ. “ಇಷ್ಟ ಹಾಕಿದ್ರೂ ಬರವಲ್ದು ಅಂದ್ರ ಎಂಥಾ ನೆದರ ಇರಬೇಕು.” ಇನ್ನಷ್ಟು ತರಲು ಎದ್ದಳು.

ಆಗ ಸೋದರಮಾವನ ಮಾತು ನೆನಪಾಯಿತು. ಅರ್ಧ ದಿನದ ಹಿಂದೆ ಇದೇ ಪುಸ್ತಕದಲ್ಲಿ ಬರೆದದ್ದು. ಒಂದು ಹಾಳೆ ಹಿಂದಕ್ಕೆ ತಿರುವಿದರೆ ಕಾಣುತ್ತಿತ್ತು. ಬ್ಯಾಡಗಿಯಿಂದ ಬಂದ ಈ ಕಾಯಿಗೆ ಘಾಟೇ ಇಲ್ಲ. ಘಾಟು ಬರಲಿ ಎಂದು ಎಷ್ಟು ಸುಟ್ಟರೂ ಬರುವುದು ಹೊಗೆ ಮಾತ್ರ. ಘಾಟು ಇದ್ದಿದ್ದರೆ ದೊಡ್ಡವರು ನಾವೂ ಕೆಮ್ಮಿ ಬಾಗಿಲು ತೆರೆದು ಹೊರಗೆ ಓಡುತ್ತಿದ್ದೆವು. ಇಲ್ಲದ್ದಕ್ಕೆ ಸುಮ್ಮನೆ ಕೂತಿದ್ದೆವು. ಕೂಸು ಮಾತ್ರ ನಡುವೆ ಇತ್ತು.

ಅವ್ವ ಮತ್ತೊಂದು ಹಿಡಿ ತಂದಳು. ನಾನು ಕೈ ಅಡ್ಡ ಹಿಡಿದೆ.

“ಸಾಕ ಅವ್ವಾ. ಹಂಚ ಹೊರಗ ಒಯ್ಯಿ.”

“ಅರ್ಧಕ್ಕ ಬಿಡಬಾರ್ದೋ ತಮ್ಮಾ. ಅರ್ಧಕ್ಕ ಬಿಟ್ರ ತಿರಗಿ ಕೂಸಿಗೇ ತಗಲತೈತಿ.”

ಕೂಸು ಕೆಮ್ಮಿತು. ಒಣ ಕೆಮ್ಮು, ಎರಡು ಸಲ, ಆಮೇಲೆ ನಿಲ್ಲದಂತೆ. ಹೆಂಡತಿ ನನ್ನ ಮುಖ ನೋಡಿದಳು. ನೆದರಿಗೆ ಕೂತವರು ನಡುವೆ ಏಳಬಾರದು, ಅದರಲ್ಲೂ ಸೊಸೆ. ಅವಳು ಎದ್ದಳು. ನಾನು ಪುಸ್ತಕ ಕೆಳಗೆ ಬಿಟ್ಟು ಹಂಚು ಎತ್ತಿಕೊಂಡು ಹಿತ್ತಿಲಿಗೆ ಹೋಗಿ ಕಲ್ಲಿನ ಮೇಲೆ ಬಿಸಾಕಿದೆ. ಬೆರಳು ಸುಟ್ಟದ್ದು ಆಸ್ಪತ್ರೆಯಲ್ಲಿ ಗೊತ್ತಾಯಿತು. ಹಿಂದಿನಿಂದ ಅವ್ವ ನನ್ನನ್ನು ಕರೆಯುತ್ತಿದ್ದಳು, ನಾನು ತಿರುಗಲಿಲ್ಲ.

ಅಂಗಳದ ಗಾಳಿಯಲ್ಲಿ ಎಣಿಸಿದೆ. ಐವತ್ತೆರಡು. ಎರಡನೆಯ ಸಲ ಎಣಿಸಲಿಲ್ಲ.

ಆಟೋದಲ್ಲಿ ಹೆಂಡತಿ ಒಂದೇ ಮಾತು ಕೇಳಿದಳು, ಖಾತ್ರಿ ಇದೆಯೇ ಎಂದು. ಇಲ್ಲ ಎಂದೆ. ಖಾತ್ರಿ ಇರಲಿಲ್ಲ. ಒಂದು ಸಲ ಕಂಡದ್ದನ್ನು ಫಲಿತಾಂಶ ಎನ್ನುವುದಿಲ್ಲ ನಾವು. ಆದರೆ ದಾರಿಯಲ್ಲಿ ಗಳಗನಾಥದ ದಿನ ನೆನಪಾಯಿತು. ಅವ್ವ ಹೊಸರಿತ್ತಿಯಲ್ಲಿದ್ದಳು, ಕೆಂಡ ಇರಲಿಲ್ಲ, ಕೆಮ್ಮೂ ಇರಲಿಲ್ಲ. ಅದನ್ನು ಹೇಳಿದಾಗ ಹೆಂಡತಿ ಕೂಸನ್ನು ಇನ್ನಷ್ಟು ಒತ್ತಿ ಹಿಡಿದುಕೊಂಡಳು.

ಔಷಧದ ಹಬೆ ಕೊಟ್ಟರು. ಪುಸ್ತಕ ಮನೆಯಲ್ಲಿ ಉಳಿದಿತ್ತು, ಔಷಧದ ಚೀಟಿಯ ಹಿಂದೆ ಬರೆದೆ. ಐವತ್ತನಾಲ್ಕು. ಐವತ್ತು. ಐವತ್ತೊಂದು. ಆ ಒಂದು ಹೆಚ್ಚಾದದ್ದು ನೋಡಿ ಹೆಂಡತಿ ಗೋಡೆಯ ಕಡೆ ಮುಖ ತಿರುಗಿಸಿದಳು. ನಲವತ್ತಾರು. ನಲವತ್ತು. ಡಾಕ್ಟರು ಹಿಂದಿನ ಪ್ರಶ್ನೆಯನ್ನೇ ಕೇಳಿದರು, ಮನೆಯಲ್ಲಿ ಹೊಗೆ ಏನಾದರೂ. ಈ ಸಲ ಹೇಳಿದೆ. ಅವರು ಪೆನ್ನು ಕೆಳಗಿಟ್ಟರು. ತಮ್ಮ ಮನೆಯಲ್ಲೂ ನೆದರು ತೆಗೆಯುತ್ತಾರೆ ಎಂದರು. ಬೆಳಗಿನ ತನಕ ಇರಿಸಿಕೊಂಡು ಕಳಿಸಿದರು.

ಮನೆಗೆ ಬಂದಾಗ ಹಂಚು ತೊಳೆದು ಬೋರಲು ಹಾಕಿತ್ತು. ಅವ್ವ ಪಡಸಾಲೆಯಲ್ಲಿ ನನ್ನ ಪುಸ್ತಕ ಮುಂದಿಟ್ಟುಕೊಂಡು ಕೂತಿದ್ದಳು. ಕೂಸನ್ನು ಕೇಳಿ ಕೈ ಚಾಚಲಿಲ್ಲ. ಅವಳಿಗೆ ಅಕ್ಷರ ಬರುತ್ತದೆ, ಆದರೆ ನನ್ನ ಸಣ್ಣ ಬರಹ ಕಾಣುವುದಿಲ್ಲ. “ಓದು,” ಎಂದಳು.

ಮದುವೆಯ ಸಾಲುಗಳನ್ನು ಓದಿದೆ. ಒಂದೊಂದಕ್ಕೂ ಅವಳು ತನ್ನದೊಂದು ಅಂಕಿ ಸೇರಿಸಿದಳು. ಮೊದಲ ಸಲ ಐದು ಕಾಯಿ. ಹಾವೇರಿಯದಕ್ಕೆ ಏಳು. ಫೆಬ್ರುವರಿಯಲ್ಲಿ ಹನ್ನೊಂದು. ನಿನ್ನೆ ಹದಿನೈದು. ಘಾಟು ಬರಲಿಲ್ಲವೆಂದು ಸಲಸಲಕ್ಕೂ ಹೆಚ್ಚು ಮಾಡಿದ್ದಳು. ಬರೆದಿಡದೆ ಎಲ್ಲ ನೆನಪಿಟ್ಟಿದ್ದಳು. ಅಡುಗೆಯಲ್ಲಿ ಈ ಕಾಯಿಗೆ ಖಾರ ಸಾಲದು ಎಂದು ಹಸಿಮೆಣಸು ಕೂಡಿಸುತ್ತಿದ್ದವಳೂ ಅವಳೇ. ನೆದರಿನ ಹೊತ್ತಿಗೆ ಅದು ನೆನಪಾಗಿರಲಿಲ್ಲ.

ಗಳಗನಾಥದ ಸಾಲನ್ನು ನಾನು ಓದದೆ ದಾಟಿಸಿದ್ದೆ. ಓದಿದ ನಾಲ್ಕನ್ನೂ ಬೆರಳು ಮಡಚಿ ಎಣಿಸಿದ್ದ ಅವಳು, ಐದರಲ್ಲಿ ಒಂದು ತಪ್ಪಿತು ಎಂದಳು. ಓದಿದೆ.

“ನಾ ಮನ್ಯಾಗ ಇರಲಿಲ್ಲ, ಕೂಸು ಆರಾಮ ಇತ್ತು,” ಎಂದಳು. “ಹಂಗ ಆತಲ್ಲ?”

ಹೆಂಡತಿ ಹೋಗಿ ಕೂಸನ್ನು ಅವಳ ತೊಡೆಯ ಮೇಲೆ ಇಟ್ಟಳು. “ಕೂಸಿಗೆ ನೀವು ಬ್ಯಾಡಾಗಿಲ್ರಿ ಅತ್ತಿ. ಹೊಗಿ ಬ್ಯಾಡಾಗೇತಿ. ಇಷ್ಟ ದಿನಾ ಇವರು ಲಗ್ನದ ಮ್ಯಾಲ ಹಾಕಿದ್ರು, ನನಗ ಹೋಗಬ್ಯಾಡ ಅಂದಿದ್ರು. ಅವರನ್ನೂ ಕೇಳ್ರಿ.”

ಅವ್ವ ಕೂಸಿನ ಹೊಟ್ಟೆಯ ಮೇಲೆ ಅಂಗೈ ಇಟ್ಟು ಬಹಳ ಹೊತ್ತು ಕೂತಳು. ತುಟಿ ಅಲುಗುತ್ತಿತ್ತು. ದೇವರ ನಾಮ ಎಂದುಕೊಂಡೆ. ಎಣಿಸುತ್ತಿದ್ದಳು.

ಮೇ ತಿಂಗಳಲ್ಲಿ ದಾರಕ್ಕೆ ಆರನೆಯ ಪತ್ರಿಕೆ ಬಂತು. ರಾಣೇಬೆನ್ನೂರು, ನನ್ನ ಜೊತೆ ಕೆಲಸ ಮಾಡುವವಳ ಮದುವೆ. ಅವ್ವನನ್ನೂ ಕರೆದುಕೊಂಡು ಹೋದೆವು. ಎತ್ತಿಕೊಂಡವರು ಇಪ್ಪತ್ತೇಳು ಮಂದಿ, ಅವಳೇ ಎಣಿಸಿದ್ದು. ಸಂಜೆ ಮನೆಗೆ ಬಂದಾಗ ಹೆಂಡತಿಯೂ ನಾನೂ ಬಾಗಿಲಲ್ಲಿ ನಿಂತೆವು, ಏನು ಮಾಡುತ್ತಾಳೋ ಎಂದು. ಅವ್ವ ಒಳಗೆ ಹೋಗಿ ಉಪ್ಪು, ಸಾಸಿವೆ, ಏಳು ಕಾಯಿ ಹಿಡಿದು ಬಂದಳು. ಇನ್ನೊಂದು ಕೈಯಲ್ಲಿ ನೀರು ತುಂಬಿದ ಕಂಚಿನ ಬಟ್ಟಲು ಇತ್ತು. ಊರ ನೆದರು, ಕೇರಿ ನೆದರು ಎಂದು ಇಳಿಸಿ, ಕಾಯಿಗಳನ್ನು ನೀರಿಗೆ ಬಿಟ್ಟಳು. ಏಳೂ ತೇಲಿದವು. ಅವಳು ಬಾಗಿ ನೋಡಿದಳು, ಬೆರಳಿನಿಂದ ಒಂದನ್ನು ಒತ್ತಿದಳು, ಅದು ಮತ್ತೆ ಮೇಲೆ ಬಂತು.

“ಮುಳುಗವಲ್ವು ನೋಡು,” ಎಂದಳು. “ಭಾಳ ಆಗೇತಿ ನೆದರು.”

ಹೆಂಡತಿ ನಗು ತಡೆಯಲು ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು. ನಾನು ಪುಸ್ತಕ ಬಿಚ್ಚಿದೆ. ಮಾರ್ಚಿನಿಂದ ಅದರಲ್ಲಿ ಮನೆಗೂ ಒಂದು ಕಾಲಂ ಇದೆ. ಏಳು ಕಾಯಿ, ನೀರಿನಲ್ಲಿ ಎಂದು ಬರೆದು, ಗಡಿಯಾರ ನೋಡಿ, ಕೂಸಿನ ಅಂಗಿ ಎತ್ತಿದೆ. ಅವ್ವ ಬಟ್ಟಲು ಹಿಡಿದುಕೊಂಡೇ ನನ್ನ ಪಕ್ಕ ಕೂತಳು. ನಿಮಿಷ ಮುಗಿದಾಗ ಇಬ್ಬರ ಲೆಕ್ಕವೂ ಮೂವತ್ತನಾಲ್ಕು ಆಗಿತ್ತು.